ಜಾನ್ ಕಾನ್‌ಸ್ಟೇಬಲ್

ಈ ಹೆಸರನ್ನು ಕೇಳಿದೊಡನೆ ವಾಚಕರು ಪೋಲೀಸು ಠಾಣೆಯನ್ನು ಸ್ಮರಿಸಬೇಕಾಗಿಲ್ಲ. ಇಂಗ್ಲೆಂಡಿನ ಮರಗಳಿಗೂ ಮೋಡಗಳಿಗೂ ಚಿತ್ರಕಲೆಯಲ್ಲಿ ಮಾನ್ಯತೆಯನ್ನು ದೊರಕಿಸಿಕೊಟ್ಟ ಜಾನ್ ಕಾನ್‌ಸ್ಟೇಬಲನು 1776ನೆಯ ಇಸವಿ ಜೂನ್ 11ರಂದು ಸಫೋಕ್ ಪ್ರಾಂತದ ಈಸ್ಟ್ ಬರ್ಗ್‌ಹೋಲ್ಟ್ ಗ್ರಾಮದಲ್ಲಿ ಜನಿಸಿದನು. ತಂದೆಯು ಹಿಟ್ಟಿನ ಗಿರಣಿಗಳ ಒಡೆಯ. ಗಾಳಿಯಿಂದ ತಿರುಗುವ ಗಿರಣಿಯಲ್ಲಿ ತಾರುಣ್ಯದ ಕೆಲಕಾಲವನ್ನು ಕಳೆದ ಈತನಿಗೆ ಆಕಾಶದ ಲಕ್ಷಣಗಳನ್ನು ಅರಿಯುವುದು ಹೊಟ್ಟೆಪಾಡಿನ ವಿದ್ಯೆಯೇ ಆಗಿದ್ದಿತು.

1799ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯ ಶಾಲೆಯನ್ನು ಸೇರಿದನು. ಆ ಕಾಲದ ರಸಿಕರಿಗೆ ಪುರಾಣ, ಇತಿಹಾಸಗಳ ಪ್ರಸಂಗಗಳೇ ಶ್ರೇಷ್ಠ. ನಿಸರ್ಗವನ್ನು ಬರೆಯುವುದಾದರೂ ಇಟಲಿಯ ಮಾದರಿಯಲ್ಲಿ ಬರೆಯಬೇಕು. ಕಾನ್‌ಸ್ಟೇಬಲನಾದರೋ ತನ್ನ ದೇಶವನ್ನು ಒಮ್ಮೆಯೂ ಬಿಟ್ಟು ಹೋದವನಲ್ಲ. ತನ್ನೂರಿನ ಸ್ಟೂರ್ ನದಿ, ಗಿರಣಿಯ ಕಟ್ಟೆ, ದೋಣಿ, ಹುಲ್ಲುಗಾವಲು ಇವುಗಳನ್ನೇ ಬರೆದನು; ಎಲೆಗಳನ್ನು ಹಸುರಾಗಿಯೇ ಬರೆದನು. ಇಂಥವನಿಗೆ ಹಣವೆಲ್ಲಿಂದ ಬರಬೇಕು? ಮರಾಯಾ ಬಿಕ್ನೆಲ್ ಎಂಬ ಕನ್ಯೆಯನ್ನು ವರಿಸಲು, ಆಕೆಯ ಮನೆಯವರ ವಿರೋಧದ ದೆಸೆಯಿಂದ, ಏಳು ವರ್ಷ ಕಾಯಬೇಕಾಯಿತು. 1816ರಲ್ಲಿ ವಿವಾಹವಾದಾಗ ಆತನಿಗೆ ನಾಲ್ವತ್ತು ವಯಸ್ಸು.

ಮರಾಯಾ ಕ್ಷಯರೋಗಿಯಾದಳು. ಒಳ್ಳೆಯ ಗಾಳಿಗಾಗಿ ಸಂಸಾರವು ಲಂಡನ್ನಿನ ಬಳಿಯ ಹ್ಯಾಂಪ್‌ಸ್ಟೆಡ್ ದಿಬ್ಬದ ಮೇಲೆ ಬೀಡುಬಿಟ್ಟಿತು. ಅಲ್ಲಿಯೇ 1821, 22ರಲ್ಲಿ ಆತನು ಮೋಡಗಳ ಅಭ್ಯಾಸಕ್ಕೆ ಕುಳಿತನು. ಕಾಗದದ ಮೇಲೆ ಎಣ್ಣೆಬಣ್ಣದಲ್ಲಿ ಮೋಡವು ಚದುರುವುದರೊಳಗಾಗಿ ಬರೆದು, ಹಿಂಬದಿಯಲ್ಲಿ ದಿನ, ಹೊತ್ತು, ಗಾಳಿಯ ದಿಕ್ಕುಗಳನ್ನು ಗುರುತಿಸುತ್ತಿದ್ದನು. ಅದೇ ಸುಮಾರಿನಲ್ಲಿ ಎಲ್ಮ್ ಮರದ ಬರಿಯ ಬೊಡ್ಡೆಯೊಂದನ್ನು ಬರೆದಿರುವನು. ಕೊಂಬೆಗಳಿಲ್ಲ, ತುದಿಯಿಲ್ಲ, ತೊಗಟೆಯ ಬಿರುಕುಗಳು ಮತ್ತು ಅವುಗಳ ಮೇಲೆ ಬಿದ್ದ ಬೆಳಕು ಮಾತ್ರ. ವೃದ್ಧನೊಬ್ಬನ ಮುಖವನ್ನು ನೋಡಿದಂತಾಗುವುದು. ಪೆನ್ಸಿಲಿನಲ್ಲಿ ಬರೆದ ಮರಗಳಾದರೂ ಹೀಗೆಯೇ: ಒಂದೊಂದೂ ಗುರುತಿನ ವ್ಯಕ್ತಿ. ಆರಡಿ ಅಗಲದ ದೊಡ್ಡ ಚಿತ್ರಗಳಿಗೆ ಮೊದಲು ಅಷ್ಟೇ ಅಳತೆಯ ಕರಡನ್ನು ಎಣ್ಣೆಬಣ್ಣದಲ್ಲಿಯೇ ಸಿದ್ಧಪಡಿಸುತ್ತಿದ್ದನು. ನಮಗೇನೋ ಆ ಕರಡುಗಳಲ್ಲಿಯೇ ಗಾಳಿಯು ಹೆಚ್ಚು ಬೀಸುವಂತೆ ತೋರುವುದು.

1821ರಲ್ಲಿ ಅಕಾಡೆಮಿಯಲ್ಲಿ ಪ್ರದರ್ಶಿತವಾದ ‘ಹೇ ವೇನ್’ ಎಂಬ ಬಂಡಿಯ ಚಿತ್ರವನ್ನು ಕೊಳ್ಳುವವರಿರಲಿಲ್ಲ. ಅದೇ ಚಿತ್ರವು 1824ರಲ್ಲಿ ಪ್ಯಾರಿಸ್ಸಿಗೆ ಹೋಗಲು, ಫ್ರಾನ್ಸಿನ ಅರಸನು ಚಿನ್ನದ ಪದಕವನ್ನಿತ್ತನು. ಡೆಲಾಕ್ರವಾನಂಥ ಚಿತ್ರಕಾರನು ಅದರ ಪ್ರಭಾವಕ್ಕೊಳಗಾಗಿ ತನ್ನ ಚಿತ್ರವನ್ನೇ ತಿದ್ದಿಕೊಂಡನು. ಸ್ವದೇಶದ ಅಕಾಡೆಮಿಗೆ ಮಾತ್ರ ಈತನಿಗೆ ಪೂರ್ಣ ಸದಸ್ಯತ್ವವನ್ನೀಯಲು 1829 ಬರಬೇಕಾಯಿತು, ಅದೂ ಒಂದೇ ಮತದ ಅಂತರದಿಂದ. ಅಷ್ಟರಲ್ಲಿ ಮರಾಯಾ ತೀರಿಕೊಂಡು ಸುಮಾರು ಮೂರು ತಿಂಗಳಾಗಿದ್ದಿತು. ಏಳು ಮಕ್ಕಳ ಭಾರವನ್ನು ಹೊತ್ತಿದ್ದ ಆತನಿಗೆ ಆ ಗೌರವವನ್ನು ಹೇಳಿಕೊಳ್ಳಲು ಮನೆಯಲ್ಲಿ ಆಕೆಯಿರಲಿಲ್ಲ.

ಅನಂತರದ ಆಕಾಶಗಳಲ್ಲಿ ಕಾರ್ಮೋಡವೇ ಹೆಚ್ಚು. ಡೇವಿಡ್ ಲ್ಯೂಕಾಸನಿಂದ ತಗಡುಗಳ ಮೇಲೆ ತನ್ನ ಚಿತ್ರಗಳನ್ನು ಕೆತ್ತಿಸಿ, ಕಪ್ಪು ಬಿಳುಪುಗಳಲ್ಲಿಯೇ ಬಿಸಿಲು ಮಳೆಗಳನ್ನು ತೋರಿಸುವ ಸಂಪುಟವನ್ನು 1830ರಿಂದ ಪ್ರಕಟಿಸಿ ಕೈಸುಟ್ಟುಕೊಂಡನು. 1835ರಲ್ಲಿ ನೀರುಬಣ್ಣಗಳಿಂದ ಸ್ಟೋನ್‌ಹೆಂಜಿನ ಪುರಾತನ ಶಿಲೆಗಳನ್ನು, ಅವುಗಳ ಮೇಲೆ ಜೋಡು ಕಾಮನಬಿಲ್ಲನ್ನು ಬರೆದನು. 1837ರ ಮಾರ್ಚ್ 31ರಂದು ಕಾಲವಶನಾದನು. ಮಾರಾಟವಾಗದೆ ಮನೆಯಲ್ಲುಳಿದಿದ್ದ ನೂರಾರು ರೇಖಾಚಿತ್ರ, ಕರಡುಗಳನ್ನು ಮಗಳು ಇಸಬೆಲ್ಲಳು 1888ರಲ್ಲಿ ರಾಷ್ಟ್ರಕ್ಕೆ ದಾನವಿತ್ತಳು.