ಆಲ್ಝೈಮರ್ ಎಂಬ ವೈದ್ಯ ಮತ್ತು ಆರೈಕೆಯ ಖರ್ಚು: ‘ಅರಳು ಮರಳು’ ಕಾಯಿಲೆಯಾದ ಕತೆ

ಕಾಖಂಡಕಿ ಎಂದರೆ ಮಹಿಪತಿದಾಸರ ಊರು. ವಿಜಯಪುರ ಸೀಮೆಯ ಬೇರೆ ಹಳ್ಳಿಗಳ ಹಾಗೆ ಇಲ್ಲಿಯೂ ಹಿರಿಯರೊಬ್ಬರು ಮಗನ ಹೆಸರನ್ನೇ ಮರೆತರೆ, ಉಂಡ ಮೇಲೂ ಊಟ ಕೊಟ್ಟಿಲ್ಲವೆಂದು ಸೊಸೆಯನ್ನು ದೂರಿದರೆ, ಊರು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟುಬಿಡುತ್ತದೆ: ಅರವತ್ತಕ್ಕೆ ಅರಳು ಮರಳು. ನಮ್ಮ ಓಣಿಯಲ್ಲೂ ಅಂಥ ಅಜ್ಜಿಯೊಬ್ಬರಿದ್ದರು. ಮಕ್ಕಳು ಪುಣೆ, ಬೆಂಗಳೂರು ಸೇರಿದ್ದರು. ಅಜ್ಜಿಯನ್ನು ಆರೈಕೆ ಕೇಂದ್ರಕ್ಕೆ ಸೇರಿಸುವ ಮಾತು ಬಂದಾಗ ಮನೆಯಲ್ಲಿ ಎರಡು ಜಗಳ ನಡೆದವು. ಹೆತ್ತವಳನ್ನು ಹೊರಗೆ ಹಾಕುವುದು ಪಾಪವಲ್ಲವೇ ಎಂಬುದು ಒಂದು. ತಿಂಗಳ ಖರ್ಚು ಯಾರ ತಲೆಗೆ ಎಂಬುದು ಇನ್ನೊಂದು.

ಎರಡನೆಯ ಜಗಳ ನೂರಿಪ್ಪತ್ತು ವರ್ಷಗಳ ಹಿಂದೆ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲೂ ಇತ್ತು. ಅಲ್ಲಿ ಒಬ್ಬ ರೈಲ್ವೆ ಗುಮಾಸ್ತನಿಗೆ ಹೆಂಡತಿಯ ಆರೈಕೆಯ ಹಣ ಹೊಂದಿಸುವುದೇ ಕಷ್ಟವಾಗಿತ್ತು. ಆಕೆಯನ್ನು ನೋಡಿಕೊಂಡ ವೈದ್ಯರ ಹೆಸರನ್ನೇ ಇಂದು ಜಗತ್ತು ಆ ಕಾಯಿಲೆಗೆ ಇಟ್ಟಿದೆ.

ನೋಟರಿಯ ಮಗ, ಸೂಕ್ಷ್ಮದರ್ಶಕದ ಹುಚ್ಚು

ಆಲೋಯಿಸ್ ಆಲ್ಝೈಮರ್ ಹುಟ್ಟಿದ್ದು 1864ರ ಜೂನ್ 14ರಂದು, ಬವೇರಿಯಾದ ಮಾರ್ಕ್ಟ್‌ಬ್ರೈಟ್ ಎಂಬ ಸಣ್ಣ ಊರಿನಲ್ಲಿ. ತಂದೆ ನೋಟರಿ. ಬರ್ಲಿನ್, ವ್ಯೂರ್ಟ್ಸ್‌ಬುರ್ಗ್, ಟ್ಯೂಬಿಂಗನ್‌ಗಳಲ್ಲಿ ವೈದ್ಯಶಾಸ್ತ್ರ ಓದಿ 1887ರಲ್ಲಿ ಪದವಿ ಪಡೆದರು. ಅವರ ಮಹಾಪ್ರಬಂಧದ ವಿಷಯ ಮೆದುಳಲ್ಲ, ಕಿವಿಯ ಗುಗ್ಗೆ ಉಂಟುಮಾಡುವ ಗ್ರಂಥಿಗಳು. ಆದರೆ ಆ ಕೆಲಸ ಅವರಿಗೆ ಸೂಕ್ಷ್ಮದರ್ಶಕದ ರುಚಿ ಹತ್ತಿಸಿತು.

1888ರ ಕೊನೆಗೆ ಅವರು ಫ್ರಾಂಕ್‌ಫರ್ಟ್ ನಗರದ ಮನೋರೋಗಿಗಳ ಮತ್ತು ಮೂರ್ಛೆರೋಗಿಗಳ ಆಸ್ಪತ್ರೆ ಸೇರಿದರು. ಜನ ಅದನ್ನು ಹುಚ್ಚರ ಅರಮನೆ ಎಂದು ಕರೆಯುತ್ತಿದ್ದರು. ನಿರ್ದೇಶಕ ಎಮಿಲ್ ಸಿಯೋಲಿ ಮತ್ತು ಯುವ ಆಲ್ಝೈಮರ್ ಅಲ್ಲಿ ರೋಗಿಗಳನ್ನು ಕಟ್ಟಿಹಾಕುವುದನ್ನು ಕಡಿಮೆ ಮಾಡಿದರು. ರೊಚ್ಚಿಗೆದ್ದವರನ್ನು ಬಹಳ ಹೊತ್ತು ಬೆಚ್ಚಗಿನ ನೀರಿನಲ್ಲಿ ಕೂರಿಸಿ ಸಮಾಧಾನಪಡಿಸುತ್ತಿದ್ದರು. ಮರುವರ್ಷ ಬಂದ ಫ್ರಾಂಟ್ಸ್ ನಿಸ್ಲ್ ಎಂಬ ವೈದ್ಯ ನರಕೋಶಗಳಿಗೆ ಬಣ್ಣ ಹಾಕಿ ಸ್ಪಷ್ಟವಾಗಿ ನೋಡುವ ವಿಧಾನ ಬಲ್ಲವರು. ಹಗಲು ರೋಗಿಗಳು, ಸಂಜೆ ಸೂಕ್ಷ್ಮದರ್ಶಕ. ಇಬ್ಬರೂ ಆಪ್ತ ಗೆಳೆಯರಾದರು.

ಆಲ್ಝೈಮರ್ ಮದುವೆಯಾದದ್ದು ಸೆಸಿಲಿ ಎಂಬ ಸಿರಿವಂತ ವಿಧವೆಯನ್ನು. ಮೂವರು ಮಕ್ಕಳಾದರು. 1901ರ ಫೆಬ್ರವರಿಯಲ್ಲಿ ಸೆಸಿಲಿ ತೀರಿಕೊಂಡರು. ಮಕ್ಕಳನ್ನು ಸಾಕಲು ಆಲ್ಝೈಮರ್ ಅವರ ತಂಗಿ ಬಂದು ಮನೆ ಸೇರಿದರು. ಆರೈಕೆಯ ಹೊರೆ ಮನೆಯ ಹೆಣ್ಣುಮಗಳ ಹೆಗಲೇರುವುದು ನಮ್ಮೂರಿನ ಕತೆ ಮಾತ್ರವಲ್ಲ.

ಐವತ್ತೊಂದರ ಆಗುಸ್ಟೆ

ಅದೇ ವರ್ಷದ ನವೆಂಬರ್ 25ರಂದು ಆಗುಸ್ಟೆ ಡೇಟರ್ ಎಂಬ ಮಹಿಳೆಯನ್ನು ಆಸ್ಪತ್ರೆಗೆ ಕರೆತಂದರು. ವಯಸ್ಸು 51. ಗಂಡ ಕಾರ್ಲ್ ರೈಲ್ವೆಯಲ್ಲಿ ಗುಮಾಸ್ತ. ಅವರಿಗೆ ಒಬ್ಬಳೇ ಮಗಳು. ಕೆಲವು ತಿಂಗಳ ಹಿಂದಿನವರೆಗೂ ಆಗುಸ್ಟೆ ಅಚ್ಚುಕಟ್ಟಾದ ಗೃಹಿಣಿ. ಮೊದಲು ಗಂಡನ ಮೇಲೆ ಸಲ್ಲದ ಸಂಶಯ ಶುರುವಾಯಿತು. ಆಮೇಲೆ ಅಡುಗೆ ಕೆಡತೊಡಗಿತು, ಸಾಮಾನುಗಳನ್ನು ಎಲ್ಲೆಲ್ಲೋ ಬಚ್ಚಿಡುವುದು ಹೆಚ್ಚಾಯಿತು.

ಮರುದಿನ ಆಲ್ಝೈಮರ್ ಆಕೆಯ ಪಕ್ಕ ಕುಳಿತು ಮಾತಾಡಿಸಿದರು. ಹೆಸರು ಕೇಳಿದರೆ ಹೇಳಿದಳು. ಗಂಡನ ಹೆಸರು ಕೇಳಿದಾಗಲೂ ತನ್ನ ಹೆಸರನ್ನೇ ಹೇಳಿದಳು. ವಸ್ತುಗಳನ್ನು ತೋರಿಸಿದರೆ ಗುರುತಿಸುತ್ತಿದ್ದಳು, ಸ್ವಲ್ಪ ಹೊತ್ತಿಗೆ ತೋರಿಸಿದ್ದೇ ನೆನಪಿರುತ್ತಿರಲಿಲ್ಲ. ತನ್ನನ್ನು ತಾನು ಕಳೆದುಕೊಂಡಿದ್ದೇನೆ ಎಂಬ ಅರಿವು ಮಾತ್ರ ಆಕೆಗಿತ್ತು. ಇಳಿವಯಸ್ಸಿನ ಮರೆವು ವೈದ್ಯರಿಗೆ ಹೊಸತಲ್ಲ. ಐವತ್ತೊಂದಕ್ಕೇ ಹೀಗಾದದ್ದು ಆಲ್ಝೈಮರ್ ಅವರ ಗಮನ ಸೆಳೆಯಿತು.

ಕಾರ್ಲ್‌ನ ಕಷ್ಟ

ಆಸ್ಪತ್ರೆಯ ವಾಸ ಉಚಿತವಲ್ಲ. ಗುಮಾಸ್ತನ ಸಂಬಳದಲ್ಲಿ ತಿಂಗಳು ತಿಂಗಳು ಹಣ ಕಟ್ಟುವುದು ಕಾರ್ಲ್‌ಗೆ ಭಾರವಾಯಿತು. ಜೀವನಚರಿತ್ರೆಗಳು ಹೇಳುವಂತೆ, ಆತ ಹೆಂಡತಿಯನ್ನು ಕಡಿಮೆ ಖರ್ಚಿನ ಬೇರೆ ಆಸ್ಪತ್ರೆಗೆ ಸಾಗಿಸಲು ಹಲವು ಬಾರಿ ಪ್ರಯತ್ನಿಸಿದ. ಆಲ್ಝೈಮರ್ ನಡುವೆ ಬಂದು ಆಕೆ ಫ್ರಾಂಕ್‌ಫರ್ಟ್‌ನಲ್ಲೇ ಉಳಿಯುವಂತೆ ಮಾಡಿದರು. ಅದಕ್ಕೆ ಪ್ರತಿಯಾಗಿ, ಆಕೆ ತೀರಿಕೊಂಡ ಮೇಲೆ ದಾಖಲೆಗಳೂ ಮೆದುಳೂ ತಮ್ಮ ಅಧ್ಯಯನಕ್ಕೆ ಸಿಗಬೇಕೆಂದು ಕೇಳಿದರು.

ಇದನ್ನು ದಯೆ ಎನ್ನಬೇಕೋ ವ್ಯವಹಾರ ಎನ್ನಬೇಕೋ? ಎರಡೂ ಇದೆ. ರೋಗಿಗೆ ಪರಿಚಿತ ಜಾಗ ತಪ್ಪಲಿಲ್ಲ, ವಿಜ್ಞಾನಕ್ಕೆ ದೊಡ್ಡ ಸುಳಿವು ಸಿಕ್ಕಿತು. ಆದರೆ ಬಡತನದಿಂದ ಕಂಗೆಟ್ಟ ಕುಟುಂಬ ಕೊಡುವ ಒಪ್ಪಿಗೆ ನಿಜಕ್ಕೂ ಎಷ್ಟು ಸ್ವತಂತ್ರ ಎಂಬ ಪ್ರಶ್ನೆಯನ್ನು ಇಂದಿನ ವೈದ್ಯಕೀಯ ನೀತಿ ಕೇಳದೆ ಬಿಡುವುದಿಲ್ಲ.

ಆಲ್ಝೈಮರ್ ಸ್ವತಃ ಹೆಚ್ಚು ದಿನ ಅಲ್ಲಿರಲಿಲ್ಲ. ಹೈಡೆಲ್‌ಬರ್ಗ್‌ಗೆ, ಅಲ್ಲಿಂದ 1903ರಲ್ಲಿ ಎಮಿಲ್ ಕ್ರೆಪೆಲಿನ್ ಅವರ ಜೊತೆ ಮ್ಯೂನಿಕ್‌ಗೆ ಹೋದರು. ಹೆಂಡತಿಯಿಂದ ಬಂದ ಆಸ್ತಿ ಇದ್ದುದರಿಂದ ಅಲ್ಲಿ ಸಂಬಳವಿಲ್ಲದೆಯೂ ಸಂಶೋಧನೆ ನಡೆಸಲು ಸಾಧ್ಯವಾಯಿತು.

ಆಗುಸ್ಟೆ ಕೊನೆಗೆ ಹಾಸಿಗೆಯಲ್ಲೇ ಮುದುಡಿ ಮಲಗಿರುತ್ತಿದ್ದಳು. 1906ರ ಏಪ್ರಿಲ್ 8ರಂದು ಸತ್ತಳು. ಹಾಸಿಗೆ ಹುಣ್ಣಿನಿಂದ ರಕ್ತಕ್ಕೆ ಹರಡಿದ ನಂಜು ಸಾವಿಗೆ ಕಾರಣವೆಂದು ದಾಖಲಾಗಿದೆ. ಮರೆವು ಆಕೆಯನ್ನು ನೇರವಾಗಿ ಕೊಲ್ಲಲಿಲ್ಲ. ಕೇಂದ್ರ ಹುಡುಕುವವರಿಗೆ ಇದು ನೆನಪಿರಲಿ.

ಪ್ರಶ್ನೆಯೇ ಬರದ ಭಾಷಣ

ಸಿಯೋಲಿ ಕಳಿಸಿದ ಮೆದುಳನ್ನು ಆಲ್ಝೈಮರ್ ಮ್ಯೂನಿಕ್‌ನಲ್ಲಿ ಪರೀಕ್ಷಿಸಿದರು. ಮೆದುಳಿನ ಹೊರಪದರ ತೆಳುವಾಗಿತ್ತು. ನರಕೋಶಗಳ ಒಳಗೆ ಸಿಕ್ಕುಬಿದ್ದ ನೂಲಿನಂಥ ಎಳೆಗಳು, ಕೋಶಗಳ ಹೊರಗೆ ವಿಚಿತ್ರ ಗಂಟುಗಳು ಕಂಡವು. ಎಳೆಗಳಲ್ಲಿ ಟಾವ್ ಎಂಬ ಪ್ರೋಟೀನ್, ಗಂಟುಗಳಲ್ಲಿ ಬೀಟಾ ಅಮಿಲಾಯ್ಡ್ ಇರುತ್ತದೆಂದು ಈಗ ನಮಗೆ ಗೊತ್ತು. 1906ರ ನವೆಂಬರ್ 3ರಂದು ಟ್ಯೂಬಿಂಗನ್‌ನಲ್ಲಿ ಮನೋವೈದ್ಯರ ಸಭೆಯ ಮುಂದೆ ಇದನ್ನು ವಿವರಿಸಿದರು. ಸಭೆಯಲ್ಲಿ ಒಬ್ಬರೂ ಪ್ರಶ್ನೆ ಕೇಳಲಿಲ್ಲ.

1910ರಲ್ಲಿ ಕ್ರೆಪೆಲಿನ್ ತಮ್ಮ ಪಠ್ಯಪುಸ್ತಕದಲ್ಲಿ ಇದಕ್ಕೆ ಆಲ್ಝೈಮರ್ ಕಾಯಿಲೆ ಎಂದು ಹೆಸರಿಟ್ಟರು. 1912ರಲ್ಲಿ ಆಲ್ಝೈಮರ್ ಬ್ರೆಸ್ಲಾವ್‌ನಲ್ಲಿ ಪ್ರಾಧ್ಯಾಪಕರಾದರು. ಅಲ್ಲಿಗೆ ಹೊರಟ ರೈಲಿನಲ್ಲೇ ಕಾಯಿಲೆ ಬಿದ್ದಿದ್ದರು; ಆರೋಗ್ಯ ಮತ್ತೆ ಪೂರ್ತಿ ಸುಧಾರಿಸಲಿಲ್ಲ. 1915ರ ಡಿಸೆಂಬರ್ 19ರಂದು ತೀರಿಕೊಂಡಾಗ ಅವರಿಗೂ 51. ಫ್ರಾಂಕ್‌ಫರ್ಟ್‌ನಲ್ಲಿ ಸೆಸಿಲಿಯ ಪಕ್ಕದಲ್ಲೇ ಮಣ್ಣು ಮಾಡಿದರು. ಆಗುಸ್ಟೆಯ ಕಡತ ಕಳೆದೇಹೋಗಿತ್ತು. 1995ರಲ್ಲಿ ಫ್ರಾಂಕ್‌ಫರ್ಟ್‌ನಲ್ಲೇ ಸಿಕ್ಕಿತು.

ಬಹಳ ಕಾಲ ಇದು ನಡುವಯಸ್ಸಿನವರ ಅಪರೂಪದ ಕಾಯಿಲೆ ಎಂದೇ ವೈದ್ಯರು ತಿಳಿದಿದ್ದರು. 1960 ಮತ್ತು 70ರ ದಶಕಗಳ ಅಧ್ಯಯನಗಳ ನಂತರವೇ, ಮುದುಕರ ಮರೆವಿನ ಹಿಂದೆಯೂ ಹೆಚ್ಚಾಗಿ ಇದೇ ಗಂಟು, ಇದೇ ಎಳೆಗಳಿವೆ ಎಂಬುದು ಖಚಿತವಾಯಿತು. ವಯಸ್ಸು ಅಪಾಯವನ್ನು ಹೆಚ್ಚಿಸುತ್ತದೆ ನಿಜ. ಆದರೆ ವಯಸ್ಸಾದವರಿಗೆಲ್ಲ ಇದು ಬರುವುದಿಲ್ಲ. ಹಾಗಾಗಿ ಅರಳು ಮರಳು ಎಂಬ ಗಾದೆ ವೈದ್ಯರ ಚೀಟಿಯಲ್ಲ.

ನಮಗೆ ಇದರಿಂದ ಏನು?

ಮೊದಲು ತಪಾಸಣೆ, ಆಮೇಲೆ ಕೇಂದ್ರದ ಮಾತು. ಥೈರಾಯ್ಡ್ ದೋಷ, ಬಿ12 ಕೊರತೆ, ಖಿನ್ನತೆ, ಕೆಲವು ಮಾತ್ರೆಗಳ ಅಡ್ಡಪರಿಣಾಮ ಕೂಡ ಮರೆವು ತರುತ್ತವೆ; ಇವನ್ನು ಸರಿಪಡಿಸಬಹುದು. ನಮ್ಮ ಭಾಗದವರಿಗೆ ಧಾರವಾಡದ ಡಿಮ್ಹಾನ್ಸ್, ಮುಂದಿನ ಹಂತಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಇವೆ.

ಕೇಂದ್ರ ನೋಡಲು ಹೋದಾಗ ಹೂದೋಟ, ಟೈಲ್ಸ್ ನೋಡಿ ಮರುಳಾಗಬೇಡಿ. ಆಗುಸ್ಟೆಯನ್ನು ನೆನೆದು ಇವನ್ನು ಕೇಳಿ:

- ಹಾಸಿಗೆ ಹಿಡಿದವರನ್ನು ಎಷ್ಟು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಾರೆ? ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಬೇಕು. ಅದರ ದಾಖಲೆ ತೋರಿಸುತ್ತಾರೆಯೇ?
- ರಾತ್ರಿ ಎಷ್ಟು ಜನರಿಗೆ ಒಬ್ಬ ಆರೈಕೆಯವರು? ನರ್ಸ್ ಇರುತ್ತಾರೆಯೇ?
- ಹಟ ಮಾಡಿದರೆ, ಓಡಾಡಿದರೆ ಏನು ಮಾಡುತ್ತಾರೆ? ಕಟ್ಟಿಹಾಕುತ್ತಾರೆಯೇ, ನಿದ್ರೆ ಮಾತ್ರೆ ಕೊಡುತ್ತಾರೆಯೇ?
- ಮೊದಲೇ ಹೇಳದೆ ಭೇಟಿಗೆ ಬರಬಹುದೇ?
- ನಮ್ಮ ಕಡೆಯ ಕನ್ನಡ ಮಾತಾಡುವವರು ಯಾರಾದರೂ ಇದ್ದಾರೆಯೇ? ಹೊಸ ನೆನಪು ಅಳಿದವರಿಗೆ ಹಳೆಯ ಮಾತೇ ಆಸರೆ.

ಹಣದ ಲೆಕ್ಕವನ್ನು ತಿಂಗಳಿಗಲ್ಲ, ವರ್ಷಗಳಿಗೆ ಹಾಕಿ. ಆಗುಸ್ಟೆ ಆಸ್ಪತ್ರೆಯಲ್ಲಿದ್ದದ್ದು ನಾಲ್ಕು ವರ್ಷಕ್ಕೂ ಹೆಚ್ಚು. ಇಂದೂ ರೋಗ ಪತ್ತೆಯಾದ ಮೇಲೆ ಹಲವರು ನಾಲ್ಕರಿಂದ ಎಂಟು ವರ್ಷ, ಕೆಲವರು ಅದಕ್ಕೂ ಹೆಚ್ಚು ಬದುಕುತ್ತಾರೆ. ತಿಂಗಳ ಶುಲ್ಕದ ಹೊರಗೆ ಡೈಪರ್, ಔಷಧಿ, ಆಸ್ಪತ್ರೆಗೆ ಜೊತೆ ಹೋಗುವವರ ಖರ್ಚು ಬೇರೆಯೇ? ಠೇವಣಿ ಯಾವಾಗ ವಾಪಸ್? ಎಲ್ಲವೂ ಬರಹದಲ್ಲಿರಲಿ. ಆರೋಗ್ಯ ವಿಮೆ ಸಾಮಾನ್ಯವಾಗಿ ಆಸ್ಪತ್ರೆಯ ಚಿಕಿತ್ಸೆಗೆ ಹಣ ಕೊಡುತ್ತದೆ, ವರ್ಷಗಟ್ಟಲೆಯ ವಾಸಕ್ಕಲ್ಲ.

ಇನ್ನು ಪಾಪದ ಮಾತು. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ ಪ್ರಕಾರ ಅಪರಾಧವಾಗುವುದು ಹಿರಿಯರನ್ನು ಪೂರ್ತಿ ಕೈಬಿಡುವ ಉದ್ದೇಶದಿಂದ ಎಲ್ಲಿಯಾದರೂ ಬಿಟ್ಟುಬರುವುದು. ನೋಡಿ ಆರಿಸಿ, ಹಣ ಕಟ್ಟಿ, ಬಂದು ಹೋಗಿ ಮಾಡುತ್ತ ಆರೈಕೆ ಕೇಂದ್ರದಲ್ಲಿ ಇರಿಸುವುದು ಅದಲ್ಲ. ಮಕ್ಕಳು ಖರ್ಚು ಕೊಡದಿದ್ದರೆ ಇದೇ ಕಾಯ್ದೆಯಡಿ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಹಿರಿಯರ ಸಹಾಯವಾಣಿ 14567 ದಾರಿ ತೋರಿಸುತ್ತದೆ.

ನಮ್ಮ ಓಣಿಯ ಅಜ್ಜಿಯ ಮಕ್ಕಳು ಕೊನೆಗೆ ಒಂದು ಹಾಳೆಯ ಮೇಲೆ ಲೆಕ್ಕ ಬರೆದರು: ಯಾರು ಎಷ್ಟು ಹಣ ಕೊಡಬೇಕು, ಯಾವ ತಿಂಗಳು ಯಾರು ಬಂದು ಇರಬೇಕು. ಅಜ್ಜಿಯನ್ನು ಮನೆಯಲ್ಲೇ ಇಟ್ಟುಕೊಂಡು ನೋಡಿಕೊಳ್ಳಲು ಒಬ್ಬಾಕೆಯನ್ನು ನೇಮಿಸಿದರು. ಇನ್ನೊಂದು ಮನೆಯಲ್ಲಿ ಇದೇ ಲೆಕ್ಕ ಕೇಂದ್ರದ ಕಡೆಗೆ ತೋರಿಸಬಹುದು. ಎರಡೂ ತಪ್ಪಲ್ಲ. ಲೆಕ್ಕವನ್ನೇ ಮಾಡದೆ, ಎಲ್ಲವನ್ನೂ ಒಬ್ಬ ಸೊಸೆಯ ಮೇಲೆ ಹಾಕಿ, ಅರಳು ಮರಳು ಎಂದು ಸುಮ್ಮನಾಗುವುದು ತಪ್ಪು.