ಗ್ರೆಗರಿ ವೇಡ್: ಮೂರು ಟ್ರೈ, ಒಂದು ಕಾಲ್ಬೇಡಿ

ಚಾರ್ಲ್ಸ್ ಗ್ರೆಗರಿ ವೇಡ್ ಹುಟ್ಟಿದ್ದು 1863ರ ಜನವರಿ 26ರಂದು, ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಸಾಹತಿನ ಸಿಂಗಲ್ಟನ್‌ನಲ್ಲಿ. ಹಂಟರ್ ನದಿಯ ಆ ಕಣಿವೆ ಕಲ್ಲಿದ್ದಲಿನ ನಾಡು. ಈ ಕಲ್ಲಿದ್ದಲನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಪ್ಯಾರಮಟ್ಟಾದ ಕಿಂಗ್ಸ್ ಶಾಲೆಯಲ್ಲಿ ಓದಿ, ಅಲ್ಲಿಂದ ಆಕ್ಸ್‌ಫರ್ಡಿನ ಮರ್ಟನ್ ಕಾಲೇಜಿಗೆ ಹೋದರು. ಆಸ್ಟ್ರೇಲಿಯಾಕ್ಕೆ ತನ್ನದೇ ರಗ್ಬಿ ತಂಡ ಆಗ ಇರಲಿಲ್ಲ. ಅದರ ಮೊದಲ ಟೆಸ್ಟ್ ನಡೆದದ್ದೇ 1899ರಲ್ಲಿ. ಹೀಗಾಗಿ ವಸಾಹತಿನ ಹುಡುಗ ಇಂಗ್ಲೆಂಡಿನ ಪರ ಆಡಿದರು. 1882ರ ಡಿಸೆಂಬರ್ 16ರಂದು ಸ್ವಾನ್‌ಸೀಯಲ್ಲಿ ವೇಲ್ಸ್ ವಿರುದ್ಧ ಅವರ ಮೊದಲ ಪಂದ್ಯ. ಅದರಲ್ಲೇ ಮೂರು ಟ್ರೈ! ಎದುರಾಳಿಯ ಗೋಲುಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸುವುದೇ ಟ್ರೈ. ಆಗ ಅದಕ್ಕೆ ಈಗಿನಂತೆ ಅಂಕಗಳಿರಲಿಲ್ಲ. ಗೋಲಿಗೆ ಒದೆಯುವ ಅವಕಾಶ ಮಾತ್ರ ಸಿಗುತ್ತಿತ್ತು, ಮೊದಲು ನೋಡುತ್ತಿದ್ದದ್ದು ಗೋಲುಗಳನ್ನೇ. ತರಗತಿಯಲ್ಲಿ ಇದನ್ನು ಬಾಯಲ್ಲಿ ವಿವರಿಸುವುದಕ್ಕಿಂತ ಕಪ್ಪುಹಲಗೆಯ ಮೇಲೆ ಮೈದಾನ ಬರೆದು ತೋರಿಸುವುದು ಸುಲಭ ಎಂಬುದು ನನ್ನ ಅನುಭವ.

ಕ್ರೀಡಾಪಟುಗಳ ಜೀವನಕಥೆಗಳು ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತವೆ. ವೇಡ್ ಅವರದು ಇಲ್ಲಿಂದ ಕಠಿಣವಾಗುತ್ತದೆ.

ವಕೀಲರಾಗಿ ಊರಿಗೆ ಮರಳಿದ ಅವರು ರಾಜಕೀಯಕ್ಕಿಳಿದು ಅಟಾರ್ನಿ ಜನರಲ್ ಆದರು. ಆ ಅವಧಿಯಲ್ಲಿ, 1905ರಲ್ಲಿ ಬಂದ ಕಾಯ್ದೆಯೊಂದು ದಿಕ್ಕಿಲ್ಲದ ಮಕ್ಕಳಿಗೂ ತಪ್ಪು ಮಾಡಿದ ಮಕ್ಕಳಿಗೂ ಪ್ರತ್ಯೇಕ ನ್ಯಾಯಾಲಯ ಒದಗಿಸಿತು. ಶಿಕ್ಷಕರಾಗಲಿರುವ ನಮಗೆ ಮೂರು ಟ್ರೈಗಳಿಗಿಂತ ಇದು ದೊಡ್ಡದು ಎನ್ನುತ್ತೇನೆ.

1907ರಲ್ಲಿ ಅವರು ರಾಜ್ಯದ ಪ್ರೀಮಿಯರ್, ಅಂದರೆ ನಮ್ಮ ಮುಖ್ಯಮಂತ್ರಿಯಂತೆ. 1909ರಲ್ಲಿ ಕಲ್ಲಿದ್ದಲು ಗಣಿಗಾರರು ಮುಷ್ಕರ ಹೂಡಿದರು. ವೇಡ್ ಸರ್ಕಾರ ತರಾತುರಿಯಲ್ಲಿ ಕಾನೂನು ಬಿಗಿ ಮಾಡಿ ಮುಖಂಡರನ್ನು ಜೈಲಿಗೆ ಕಳಿಸಿತು. ಅವರಲ್ಲಿ ಪೀಟರ್ ಬೌಲಿಂಗ್ ಎಂಬವರನ್ನು ಕಾಲಿಗೆ ಬೇಡಿ ಹಾಕಿ ರೈಲಿನಲ್ಲಿ ಗೋಲ್‌ಬರ್ನ್ ಜೈಲಿಗೆ ಸಾಗಿಸಲಾಯಿತು. ಕೈದಿಗಳನ್ನು ಸಾಗಿಸಿ ಕಟ್ಟಿದ ನಾಡಿನಲ್ಲಿ ಕಾಲ್ಬೇಡಿ ಎಂದರೆ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಮಕ್ಕಳ ನ್ಯಾಯಾಲಯವೂ ಈ ಬೇಡಿಯೂ ಒಬ್ಬರದೇ ಅಧಿಕಾರಾವಧಿಯಲ್ಲಿ ಬಂದವು. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಪಾಠ ಸರಾಗವಾಗುತ್ತದೆ, ನಿಜ. ನನ್ನ ಪಾಠಯೋಜನೆಯಲ್ಲಿ ಎರಡನ್ನೂ ಇಟ್ಟುಕೊಂಡಿದ್ದೇನೆ.

1910ರ ಚುನಾವಣೆಯಲ್ಲಿ ಆ ಬೇಡಿಯೇ ವಿರೋಧಿಗಳ ಪ್ರಚಾರದ ಅಸ್ತ್ರವಾಯಿತು. ವೇಡ್ ಸೋತರು, ಲೇಬರ್ ಪಕ್ಷ ಆ ರಾಜ್ಯದಲ್ಲಿ ಮೊದಲ ಬಾರಿ ಅಧಿಕಾರಕ್ಕೆ ಬಂತು. ಮುಂದೆ ಲಂಡನ್ನಿನಲ್ಲಿ ರಾಜ್ಯದ ಪ್ರತಿನಿಧಿಯಾಗಿ, ಆಮೇಲೆ ಸುಪ್ರೀಂ ಕೋರ್ಟ್ ನ್ಯಾಯಾಧೀಶರಾಗಿ ಕೆಲಸ ಮಾಡಿ 1922ರಲ್ಲಿ ತೀರಿಕೊಂಡರು.