ದರೋಜಿ ಈರಮ್ಮ: ಓದು ಬಾರದ ತಾಯಿಯ ಕಂಠದಲ್ಲಿ ಹನ್ನೆರಡು ಕಾವ್ಯಗಳು

ಹಂಪಿ, ಹೊಸಪೇಟೆಗಳಿಗೆ ಪ್ರವಾಸ ಹೋಗುವ ನಮ್ಮ ಕರಾವಳಿಯ ಬಹುತೇಕ ಜನರು ಕಲ್ಲಿನ ರಥ, ತುಂಗಭದ್ರಾ ಅಣೆಕಟ್ಟು ನೋಡಿ ಹಿಂತಿರುಗುತ್ತೇವೆ. ಅಲ್ಲಿಂದ ಅಷ್ಟೇನೂ ದೂರವಿಲ್ಲದ, ಸಂಡೂರು ತಾಲೂಕಿನ ದರೋಜಿ ಗ್ರಾಮ ಇಂದು ಕರಡಿಧಾಮದಿಂದಾಗಿ ಹೆಸರುವಾಸಿ. ಆದರೆ ಕನ್ನಡ ಜಾನಪದ ಬಲ್ಲವರಿಗೆ ದರೋಜಿ ಎಂದೊಡನೆ ಮೊದಲು ನೆನಪಾಗುವುದು ಬುರ್ರಕಥೆಯ ಈರಮ್ಮನವರು. 2014ರ ಆಗಸ್ಟ್ 12ರಂದು ಬಳ್ಳಾರಿಯಲ್ಲಿ ನಿಧನರಾದ ಈ ಹಿರಿಯ ಕಲಾವಿದೆಯ ಬದುಕನ್ನು ನಮ್ಮ ಓದುಗರಿಗೆ ಪರಿಚಯಿಸಲು ಬಯಸುತ್ತೇವೆ.

ಈರಮ್ಮನವರು 1930ರ ಸುಮಾರಿಗೆ ಅಲೆಮಾರಿ ಬುಡ್ಗ ಜಂಗಮ ಸಮುದಾಯದಲ್ಲಿ ಜನಿಸಿದರು. ಊರಿಂದ ಊರಿಗೆ ನಡೆದು, ಮನೆ ಮನೆಯ ಮುಂದೆ ಹಾಡಿ, ಕೊಟ್ಟ ಕಾಳುಕಡಿಯಲ್ಲಿ ಹೊಟ್ಟೆ ಹೊರೆಯುವುದು ಈ ಜನರ ಪರಂಪರೆಯ ವೃತ್ತಿ. ಶಾಲೆಯ ಮೆಟ್ಟಿಲು ಹತ್ತುವ ಭಾಗ್ಯ ಅವರಿಗೆ ಸಿಗಲಿಲ್ಲ. ಎಳೆಯ ವಯಸ್ಸಿನಲ್ಲೇ ತಂದೆಯಿಂದ ಬುರ್ರಕಥೆ ಕಲಿತರು. ತಂದೆ ಹಾಡಬೇಕು, ಮಗಳು ಕೇಳಿ ನೆನಪಿಡಬೇಕು. ಅವರ ಪಾಠಶಾಲೆ ಅಷ್ಟೇ.

ಬುರ್ರಕಥೆಯಲ್ಲಿ ಮುಖ್ಯ ಗಾಯಕರು ತಂಬೂರಿ ಹಿಡಿದು ಕಥೆ ಹೇಳುತ್ತಾರೆ. ಅಕ್ಕಪಕ್ಕದಲ್ಲಿ ಇಬ್ಬರು ಚರ್ಮವಾದ್ಯ ಬಾರಿಸುತ್ತಾ ದನಿಗೂಡಿಸುತ್ತಾರೆ. ಹಾಡು, ಮಾತು, ಹಾಸ್ಯ ಎಲ್ಲವೂ ಬೆರೆತ ಈ ಕಥೆ ರಾತ್ರಿಯಿಡೀ ಸಾಗುವುದುಂಟು. ಈರಮ್ಮನವರಿಗೆ ಸಾಥ್ ನೀಡಿದವರು ಅವರ ಮನೆಯ ಹೆಂಗಸರೇ ಆದ ಸಹೋದರಿ ಹಾಗೂ ನಾದಿನಿ. ಆಂಧ್ರದ ಗಡಿಗೆ ಹೊಂದಿಕೊಂಡ ಈ ಸೀಮೆಯಲ್ಲಿ ಕನ್ನಡ, ತೆಲುಗು ಎರಡೂ ಜನರ ನಾಲಿಗೆಯ ಮೇಲಿವೆ. ಬುಡ್ಗ ಜಂಗಮರ ಮನೆಮಾತು ತೆಲುಗು. ಈರಮ್ಮನವರು ಎರಡೂ ಭಾಷೆಗಳಲ್ಲಿ ಹಾಡಬಲ್ಲವರಾಗಿದ್ದರು.

ಅವರಿಗೆ ಹನ್ನೆರಡು ಜನಪದ ಮಹಾಕಾವ್ಯಗಳು ಕಂಠಪಾಠವಾಗಿದ್ದವು. ಕುಮಾರರಾಮ, ಬಬ್ಬುಲಿ ನಾಗಿರೆಡ್ಡಿ, ಬಾಲಿ ನಾಗಮ್ಮ, ಜೈಸಿಂಗರಾಜ, ಆದೋನಿ ಲಕ್ಷ್ಮಮ್ಮ ಇವುಗಳಲ್ಲಿ ಪ್ರಮುಖವಾದವು. ಎಲ್ಲವನ್ನೂ ಮುದ್ರಿಸಿದರೆ ಸುಮಾರು 7,000 ಪುಟಗಳಾಗುತ್ತವೆ ಎಂದು ಪತ್ರಿಕೆಗಳು ಬರೆದಿದ್ದವು. ಇವುಗಳಲ್ಲಿ ಕುಮಾರರಾಮನ ಕಥೆ ಅವರ ನೆರೆಯ ಕಂಪ್ಲಿಯದೇ. ಕಂಪಿಲರಾಯನ ಮಗನಾದ ಈತ ಮಲತಾಯಿಯ ಸುಳ್ಳು ಆರೋಪಕ್ಕೆ ಗುರಿಯಾಗಿ, ತಂದೆಯಿಂದಲೇ ಮರಣದಂಡನೆ ಪಡೆಯುತ್ತಾನೆ. ಮಂತ್ರಿಯ ಜಾಣ್ಮೆಯಿಂದ ಜೀವ ಉಳಿಸಿಕೊಂಡರೂ ಹಗೆ ಸಾಧಿಸದೆ, ದೆಹಲಿಯ ಸೈನ್ಯ ಮುತ್ತಿದಾಗ ಅದೇ ತಂದೆಯ ನಾಡಿಗಾಗಿ ಹೋರಾಡಿ ಮಡಿಯುತ್ತಾನೆ. ಕಂಪ್ಲಿ ರಾಜ್ಯ ಬಿದ್ದದ್ದು 1327ರ ಸುಮಾರಿಗೆ. ಆರುನೂರಕ್ಕೂ ಹೆಚ್ಚು ವರ್ಷಗಳ ನಂತರವೂ ಆ ಕಥೆ ಈರಮ್ಮನಂಥವರ ಕಂಠದಲ್ಲಿ ಜೀವಂತವಾಗಿತ್ತು.

ಈ ಕಂಠ ನಿಂತುಹೋದರೆ ಕಾವ್ಯವೂ ಹೋಯಿತು ಎಂಬ ಅಪಾಯ ಇದ್ದೇ ಇತ್ತು. 1991ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಆರಂಭವಾದದ್ದು ಇಲ್ಲಿ ದೊಡ್ಡ ಉಪಕಾರವಾಯಿತು. ಅಲ್ಲಿನ ವಿದ್ವಾಂಸರು ಈರಮ್ಮನವರ ಹಾಡಿಕೆಯನ್ನು ಧ್ವನಿಮುದ್ರಿಸಿ, ಅಕ್ಷರಕ್ಕಿಳಿಸಿ, ಹಲವು ಕಾವ್ಯಗಳನ್ನು ಪುಸ್ತಕರೂಪದಲ್ಲಿ ಹೊರತಂದರು. ಇದು ತಾಳ್ಮೆಯ ಕೆಲಸ. ಹಾಡಿದ್ದನ್ನು ಮತ್ತೆ ಮತ್ತೆ ಕೇಳಬೇಕು, ಆಡುಮಾತಿನ ಒಂದೊಂದು ಪದವನ್ನೂ ಹಾಡಿದವರ ಬಾಯಲ್ಲೇ ಖಚಿತಪಡಿಸಿಕೊಳ್ಳಬೇಕು. ಪುಸ್ತಕದಲ್ಲಿ ಕಥೆ ಸಿಗುತ್ತದೆ; ರಾಗ, ಉಸಿರು, ನಡುವಿನ ನಗು ಸಿಗುವುದು ಧ್ವನಿಮುದ್ರಣದಲ್ಲಿ ಮಾತ್ರ. ಹಾಗಾಗಿ ಎರಡೂ ಬೇಕು.

ಗೌರವಗಳು ತಡವಾಗಿಯಾದರೂ ಬಂದವು. 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಸಂದಾಗ ಅವರು ಎಪ್ಪತ್ತರ ಹತ್ತಿರವಿದ್ದರು. 2003ರಲ್ಲಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಪದವಿಯಿತ್ತು ಗೌರವಿಸಿತು. ಶಾಲೆಯನ್ನೇ ಕಾಣದ ಮಹಿಳೆಗೆ ವಿಶ್ವವಿದ್ಯಾಲಯವೊಂದು ಕೊಡಬಹುದಾದ ಅತ್ಯುನ್ನತ ಗೌರವ ಅದು. ಹಿಂದೆ ಮನೆಬಾಗಿಲಲ್ಲಿ ಒಂದು ಮೊರ ಜೋಳಕ್ಕಾಗಿ ಹಾಡುತ್ತಿದ್ದ ಸಮುದಾಯದ ವಿದ್ಯೆಯೂ ವಿದ್ಯೆಯೇ ಎಂದು ನಾಡು ಒಪ್ಪಿಕೊಂಡ ಗಳಿಗೆಯೂ ಹೌದು.

ಈರಮ್ಮನವರ ಬದುಕು ನಮಗೂ ಒಂದು ಎಚ್ಚರಿಕೆ. ನಮ್ಮ ಕರಾವಳಿಯ ರೋಸ್, ಮದುವೆ ಮನೆಗಳಲ್ಲಿ ವೊವಿಯೊ ಹಾಡಬಲ್ಲ ಹಿರಿಯ ತಾಯಂದಿರು ಪ್ರತಿ ಚರ್ಚ್ ವ್ಯಾಪ್ತಿಯಲ್ಲಿ ಈಗ ಎಷ್ಟು ಮಂದಿ ಉಳಿದಿದ್ದಾರೆ? ಗುಮಟೆಯ ಪೆಟ್ಟು ಬಲ್ಲವರು ಎಷ್ಟು ಮಂದಿ? ಇಂದು ಪ್ರತಿಯೊಬ್ಬರ ಕೈಯಲ್ಲೂ ಧ್ವನಿಮುದ್ರಿಸುವ ಫೋನ್ ಇದೆ. ಕಡಿಮೆಯಾಗಿರುವುದು ಅವರ ಬಳಿ ಕುಳಿತು ಕೇಳುವ ಸಮಯ. ವಾರ್ಡ್ ಗುರಿಕಾರರು, ಯುವಜನರು ಒಂದು ಸಂಜೆಯನ್ನು ಇದಕ್ಕೆ ಮೀಸಲಿಟ್ಟು, ಹಾಡಿದವರ ಹೆಸರು, ಊರು, ದಿನಾಂಕ ಬರೆದಿಟ್ಟರೆ ಮುಂದಿನ ಪೀಳಿಗೆ ನಮ್ಮನ್ನು ನೆನೆಯುತ್ತದೆ. ದರೋಜಿಯ ಈರಮ್ಮನವರ ಕಾವ್ಯಗಳು ಇಂದು ಉಳಿದಿರುವುದು, ಅವರು ಹಾಡುವಾಗ ಎದುರಿಗೆ ಕೇಳಿ ಬರೆದುಕೊಳ್ಳುವವರು ಇದ್ದುದರಿಂದ.